ಪಡುಗಡಲ ಬ್ಯಾಂಕಿನ ಜಲದಾನ

ಒಂದು ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿಯ ಸುಗ್ಗಿ ತಿಂಗಳಲ್ಲಿ ಮಂಗಳೂರಿನ ಪಡುಗಡಲ ಬ್ಯಾಂಕು ಧರ್ಮ ಮಾಡುವುದೆಂದು ಸರ್ವಾನುಮತದಿಂದ ನಿರ್ಧರಿಸಿತು. ಇದಕ್ಕೆ ಕಾರಣ ಶುದ್ಧ ಕರುಣೆಯೇ ಹೊರತು, ಎದುರು ಸಾಲಿನ ಬ್ಯಾಂಕಿನವರು ಶಾಲೆಗೆ ಬೆಂಚು ಕೊಟ್ಟು ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಂಡದ್ದಲ್ಲ. ಹಾಗೆಂದು ನಿರ್ಣಯದಲ್ಲಿಯೇ ಸ್ಪಷ್ಟವಾಗಿ ಬರೆದಿದೆ. ಬರೆದವನು ನಾನು.

ನಾನೆಂದರೆ ಲೋಕಯ್ಯ, ಬ್ಯಾಂಕಿನ ಗುಮಾಸ್ತ, ದೇರೆಬೈಲಿನವ. ನಮ್ಮ ಬೈಲಿನ ಕೆಸರಿನಿಂದ ಎದ್ದು ಬಂದು, ಕೋಟು ಹಾಕಿ, ಪೇಟೆಯ ಕುರ್ಚಿಯಲ್ಲಿ ಕುಳಿತ ಮೊದಲ ಗಂಡಸು. ಹಗ್ಗ ಹೊಸೆಯಲಿಕ್ಕೆ, ಬಾವಿಗೆ ಇಳಿಯಲಿಕ್ಕೆ, ಇಂಗ್ಲಿಷಿನಲ್ಲಿ ಕ್ಷಮೆ ಕೇಳಲಿಕ್ಕೆ ಬ್ಯಾಂಕಿನಲ್ಲಿ ನನ್ನಷ್ಟು ಬಲ್ಲವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಯಾವ ದಾನ ಮಾಡುವುದೆಂಬ ಬಗ್ಗೆ ಆಡಳಿತ ಮಂಡಳಿಯಲ್ಲಿ ದೀರ್ಘ ಚರ್ಚೆ ನಡೆಯಿತು.

"ಅನ್ನದಾನ ಶ್ರೇಷ್ಠ," ಎಂದರು ಅಧ್ಯಕ್ಷರಾದ ಜಯಪಾಲ ಹೆಗ್ಡೆಯವರು. "ಆದರೆ ಅನ್ನ ಉಂಡವ ನಾಳೆಯೂ ಬರ್ತಾನೆ."

"ನೀರು ಕುಡಿದವನೂ ಬರ್ತಾನಲ್ಲ, ಹೆಗ್ಡೆಯವರೇ?" ಎಂದರು ಮ್ಯಾನೇಜರ್ ಗ್ರೆಗರಿ ಸೋಜರು.

"ಬರಲಿ. ನೀರು ನಮ್ಮದಲ್ಲವಲ್ಲ."

ಈ ಮಾತಿನ ಆಳವನ್ನು ಅರಿತು ಸಭೆ ತಲೆದೂಗಿತು. ಬಳಿಕ ಜಲದಾನವೆಂದು ತೀರ್ಮಾನವಾಯಿತು. ಇನ್ನು ನೀರು ಯಾರದ್ದು ಎಂಬುದೊಂದೇ ಬಾಕಿ. ಎಲ್ಲರೂ ಮೇಜು ನೋಡುತ್ತಿದ್ದಾಗ ನಾನು ಎದ್ದು ಹೇಳಿದೆ: "ಜೆಪ್ಪುವಿನಲ್ಲಿ ಒಂದು ಬಾವಿ ಉಂಟು. ಬಾಯಾರಿದವರೂ ಅಲ್ಲಿ ತಯಾರಾಗಿಯೇ ಇದ್ದಾರೆ."

ಆ ಬಾವಿ ದೇಯಿಯದ್ದು. ಜೆಪ್ಪುವಿನ ಇಳಿಜಾರಿನಲ್ಲಿ, ಹಂಚಿನ ಕಾರ್ಖಾನೆಗೆ ಹೋಗುವ ದಾರಿಯ ಬದಿಯಲ್ಲೇ ಅವಳ ಮನೆ. ಅವಳ ಗಂಡ ಬೋಜ ಅದೇ ಕಾರ್ಖಾನೆಯ ಭಟ್ಟಿಯ ಎದುರು ಒಂದು ವೈಶಾಖದಲ್ಲಿ ನೀರು ನೀರು ಎನ್ನುತ್ತಾ ಬಿದ್ದವ ಮತ್ತೆ ಏಳಲಿಲ್ಲ. ಬಾವಿ ಅವನೇ ತೋಡಿದ್ದು. ಅಂದಿನಿಂದ ದೇಯಿ ತೆಂಗಿನ ಮಡಲಿನ ಚಪ್ಪರ ಹಾಕಿ, ಮಣ್ಣು ಹೊರುವ ಹೆಂಗಸರಿಗೂ ಗಾಡಿಯವರಿಗೂ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡುತ್ತಿದ್ದಳು. ನಮ್ಮ ಕಡೆ ಬಿಸಿಲಿನಿಂದ ಬಂದವನಿಗೆ ಮೊದಲು ಬೆಲ್ಲ ನೀರು, ಆಮೇಲೆ ಊರು ಯಾವುದು, ಯಾರ ಮಗ ಎಂಬ ವಿಚಾರಣೆ. ದೇಯಿ ವಿಚಾರಣೆಯನ್ನೂ ಮಾಡುತ್ತಿರಲಿಲ್ಲ. ಇಂಥ ಅಶಿಸ್ತಿನ ದಾನವನ್ನು ಸರಿದಾರಿಗೆ ತರುವುದು ಬ್ಯಾಂಕಿನ ಕರ್ತವ್ಯವಾಗಿತ್ತು.

ಸೋಜರೂ ನಾನೂ ಜಟಕಾದಲ್ಲಿ ಹೋಗಿ ಇಳಿದೆವು. ದೇಯಿ ನಮಗೂ ಬೆಲ್ಲ ನೀರು ಕೊಟ್ಟಳು. ಕುಡಿದ ಮೇಲೆ ಸೋಜರು ಬಾಯಿ ಒರೆಸಿಕೊಂಡು, "ನೋಡಮ್ಮಾ, ಇನ್ನು ನಿನಗೆ ಬ್ಯಾಂಕು ಸಹಾಯ ಮಾಡ್ತದೆ," ಎಂದರು.

"ಎಂತ ಸಹಾಯ, ಪೊರ್ಬುಗಳೇ?" ಕ್ರೈಸ್ತರನ್ನು ನಮ್ಮ ಕಡೆ ಮರ್ಯಾದೆಯಿಂದ ಕರೆಯುವುದು ಹಾಗೆ.

"ನೀನು ಮಾಡುವುದನ್ನು ನಾವು ಮಾಡ್ತೇವೆ."

ದೇಯಿ ಸ್ವಲ್ಪ ಯೋಚಿಸಿದಳು. "ಅದು ನಾನೇ ಮಾಡ್ತಾ ಇದ್ದೇನಲ್ಲ. ನನಗೆ ಬೇಕಾದ್ದು ಒಂದು ಬಳ್ಳಿ. ಬಾವಿಯ ಬಳ್ಳಿ ಸವೆದು ಹೋಗಿದೆ, ಇಗೊಳ್ಳಿ, ನಾರು ನಾರಾಗಿ ಬಿಟ್ಟುಕೊಂಡಿದೆ. ಅದು ತುಂಡಾದ್ರೆ ನನ್ನ ಕೊಡಪಾನ ಪಾತಾಳಕ್ಕೆ. ಮತ್ತೆ ಈ ದಾರಿಯಲ್ಲಿ ಹೋಗುವ ಹೆಂಗಸರು ಒಣ ಬಾಯಲ್ಲಿ ಹೋಗ್ಬೇಕು."

ಅವಳು ಬಳ್ಳಿ ಅಂದದ್ದು ಹಗ್ಗಕ್ಕೆ. ಸೋಜರು ಹಗ್ಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದರು. ಜಟಕಾ ಹತ್ತಿದ ಮೇಲೆ ನನಗೆ ವಿವರಿಸಿದರು: ನಿರ್ಣಯದಲ್ಲಿ ಇರುವುದು ಜಲ, ಹಗ್ಗ ಜಲವಲ್ಲ.

ಒಂದು ಮಧ್ಯಾಹ್ನ ರಜೆ ಕೊಟ್ಟಿದ್ದರೆ ನಾನೇ ತೆಂಗಿನ ನಾರು ಹೊಸೆದು ಆನೆ ಕಟ್ಟುವಂಥ ಹಗ್ಗ ಮಾಡಿ ಕೊಡುತ್ತಿದ್ದೆ. ಆದರೆ ಕೋಟು ಹಾಕಿದವ ಹಗ್ಗ ಹೊಸೆದರೆ ಬ್ಯಾಂಕಿನ ಮರ್ಯಾದೆ ಏನಾಗಬೇಕು?

ಮರುವಾರ ಬ್ಯಾಂಕಿನ ಗೋಡೆಯಲ್ಲಿ ಈ ಕೆಳಗಿನ ಪ್ರಕಟಣೆ ಕಾಣಿಸಿತು:

"ಜೆಪ್ಪುವಿನ ಧರ್ಮಾರ್ಥ ಜಲದಾನಕ್ಕೆ ನೌಕರರು ಸ್ವಂತ ಇಚ್ಛೆಯಿಂದ ಸೇವೆ ಸಲ್ಲಿಸತಕ್ಕದ್ದು. ಸ್ವಂತ ಇಚ್ಛೆಯು ಬೆಳಿಗ್ಗೆ ಎಂಟಕ್ಕೆ ಆರಂಭವಾಗುವುದು. ಇಚ್ಛೆ ಇಲ್ಲದವರು ಅದಕ್ಕೆ ತಕ್ಕ ಕಾರಣ ಕೊಡಬೇಕು. ಆ ಕಾರಣ ಒಪ್ಪಿಗೆಯಾಗುವುದಿಲ್ಲ. ಬಾಯಾರಿದವರು ಬಂದ ಕ್ರಮದಲ್ಲಿ ಹಿತ್ತಾಳೆ ಟೋಕನು ಪಡೆದು, ನಂಬ್ರ ಕೂಗುವ ತನಕ ನೆರಳಿನಲ್ಲಿ ಕುಳಿತಿರತಕ್ಕದ್ದು. ಒಬ್ಬರ ಬಾಯಾರಿಕೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗುವುದಿಲ್ಲ."

ಟೋಕನು ನನ್ನ ಸಲಹೆ. ಬ್ಯಾಂಕಿನ ಕೌಂಟರಿನಲ್ಲಿ ಟೋಕನು ಹಿಡಿದು ಕುಳಿತವನಿಗೆ ತಾನೊಬ್ಬ ಮನುಷ್ಯ ಎಂಬ ಭಾವನೆ ಬರುತ್ತದೆ. ಆ ಭಾವನೆ ಬಡವರಿಗೂ ಸಿಗಲಿ ಎಂಬುದು ನನ್ನ ಆಸೆ.

ಉದ್ಘಾಟನೆಯ ದಿನ ಜೆಪ್ಪು ಗುರುತು ಸಿಗಲಿಲ್ಲ. ಮಾವಿನ ತೋರಣ, ಬ್ಯಾಂಡು, ಅಧ್ಯಕ್ಷರಿಗೆ ಬೆತ್ತದ ಕುರ್ಚಿ. ಎರಡು ತೆಂಗಿನ ಮರಗಳ ನಡುವೆ, ಮಲ್ಪೆಯ ದೋಣಿಯ ಹಾಯಿಯಷ್ಟು ಅಗಲದ ಬಟ್ಟೆಯಲ್ಲಿ "ಪಡುಗಡಲ ಬ್ಯಾಂಕಿನ ಜಲದಾನ" ಎಂದು ಕೆಂಪು ಅಕ್ಷರ. ಮರ ಹತ್ತಿ ಕಟ್ಟಿದವನು ನಾನೇ. ಪೇಟೆಯ ಗುಮಾಸ್ತರು ಕೆಳಗೆ ನಿಂತು ಬಾಯಿ ಬಿಟ್ಟು ನೋಡಿದರು. ಕಟ್ಟಿದ್ದು ಹೊಚ್ಚ ಹೊಸ ನಾರಿನ ಹಗ್ಗದಿಂದ, ಹೆಬ್ಬೆರಳಿನಷ್ಟು ದಪ್ಪ, ಇನ್ನೂ ಹಸಿ ನಾರಿನ ವಾಸನೆ.

ದೇಯಿ ಕತ್ತೆತ್ತಿ ಬಟ್ಟೆ ನೋಡಲಿಲ್ಲ, ಹಗ್ಗ ನೋಡಿದಳು. "ಲೋಕಯ್ಯ ಮಗಾ, ಅದರಲ್ಲಿ ಅರ್ಧ ಸಾಕಿತ್ತು ನನಗೆ."

"ಅದು ಪ್ರಚಾರದ ಹಗ್ಗ, ದೇಯಿಯಕ್ಕ. ಬಾವಿಗೆ ಹಾಕಲಿಕ್ಕೆ ಕ್ರಮ ಇಲ್ಲ."

"ಬಾವಿ ಕೇಳ್ತದಾ, ನೀನು ಯಾವ ಹಗ್ಗ ಅಂತ?"

ನಾನು ಟೋಕನು ಎಣಿಸತೊಡಗಿದೆ. ಓದದವರೊಡನೆ ವಾದ ಮಾಡಬಾರದು.

ಮೊದಲು ಬಂದವನು ಹಂಚಿನ ಗಾಡಿಯ ಮೊಯ್ದೀನಬ್ಬ. ದೇಯಿಯ ಕೈಯ ನೀರು ಕುಡಿಯದೆ ಅವನು ಆ ಏರು ಹತ್ತಿದವನೇ ಅಲ್ಲ. ನೇರ ಬಾವಿಯ ಹತ್ತಿರ ಹೋದವನನ್ನು ನಾನು ತಡೆದು ಟೋಕನು ಕೊಟ್ಟೆ.

"ಎಂತ ಮಾರಾಯ ಇದು? ಬ್ಯಾಂಕಿಗೆ ಹೋದ್ರೆ ಟೋಕನು, ಬಾವಿಗೆ ಬಂದ್ರೂ ಟೋಕನು. ಇನ್ನು ಸಾಯ್ಲಿಕ್ಕೂ ಟೋಕನು ಉಂಟಾ?"

"ಅದು ಮುನಿಸಿಪಾಲಿಟಿಯ ವಿಷಯ, ಬ್ಯಾರಿಗಳೇ. ಕುಳಿತುಕೊಳ್ಳಿ."

"ನನ್ನ ಎತ್ತುಗಳಿಗೆ?"

"ಎತ್ತುಗಳಿಗೆ ನಮ್ಮಲ್ಲಿ ಖಾತೆ ಇಲ್ಲ."

ಅಧ್ಯಕ್ಷರು ನೀರಿನ ಮಹಿಮೆಯನ್ನು ಕುರಿತು ಮಾತನಾಡಿದರು. ಗಂಗೆ ಬಂದಳು, ಭಗೀರಥ ಬಂದ, ವರುಣ ಬಂದ. ನೀರು ಮಾತ್ರ ಬರಲಿಲ್ಲ. ಮಧ್ಯೆ ಗಂಟಲು ಆರಿದಾಗ ಅಧ್ಯಕ್ಷರು ತಮ್ಮ ಮನೆಯಿಂದ ತಂದಿದ್ದ ಹೂಜಿಯಿಂದ ಕುಡಿದರು. ದೇಯಿಯ ಬಾವಿಯ ನೀರು ಅವರ ಜಾತಿಯವರು ಕುಡಿಯುವಂತಿರಲಿಲ್ಲ. ದಾನ ಕೊಡುವುದಕ್ಕೆ ಅದರಿಂದ ಬಾಧಕವಿರಲಿಲ್ಲ. ಮಣ್ಣಿನ ಬುಟ್ಟಿ ಇಳಿಸಿ ಕುಳಿತ ಹೆಂಗಸರು ಟೋಕನನ್ನು ತಿರುವಿ ತಿರುವಿ ನೋಡುತ್ತಿದ್ದರು.

ಕೊನೆಗೆ, ಮೊದಲ ಕೊಡ ಸೇದುವ ಗೌರವವನ್ನು ನನಗೆ ಕೊಟ್ಟರು. ದೇಯಿ ಹತ್ತಿರ ಬಂದು, "ಮೆಲ್ಲ ಎಳೆ ಮಗಾ, ಮೆಲ್ಲ," ಎಂದಳು. ಮೆಲ್ಲ ಎಳೆಯಲಿಕ್ಕೆ ನಾನೇನು ಪೇಟೆಯವನಾ? ದೇರೆಬೈಲಿನ ತೋಳು ಹೇಗಿರುತ್ತದೆಂದು ಸಭೆಗೆ ತೋರಿಸುವ ಉದ್ದೇಶದಿಂದ ಒಂದೇ ಸೆಳೆತ ಸೆಳೆದೆ. ರಾಟೆ ಕಿರ್ರೆಂದಿತು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ ಉಳಿಯಿತು. ಇನ್ನೊಂದು ತುದಿಯೂ ಕೊಡಪಾನವೂ ಕೆಳಗೆ ಹೋದದ್ದರ ಸದ್ದು ಬಹಳ ಹೊತ್ತಿನ ನಂತರ ಕೇಳಿಸಿತು. ಬಾವಿ ಆಳವಾಗಿಯೇ ಇತ್ತು. ಬೋಜ ಒಳ್ಳೆಯ ಕೆಲಸಗಾರ.

ಅಧ್ಯಕ್ಷರೇ ಪರಿಸ್ಥಿತಿಯನ್ನು ಕೈಗೆತ್ತಿಕೊಂಡರು. "ಮಹನೀಯರೇ, ನೀರು ದೊಡ್ಡದಲ್ಲ. ಕೊಡುವ ಮನಸ್ಸು ದೊಡ್ಡದು. ಆ ಮನಸ್ಸನ್ನು ಈಗ ಉದ್ಘಾಟಿಸಿದ್ದೇನೆ." ಬ್ಯಾಂಡು ನುಡಿಯಿತು. ಫೋಟೋದವನು ಖಾಲಿ ಲೋಟಗಳನ್ನು ಹೆಂಗಸರ ಕೈಗೆ ಕೊಟ್ಟು, ಫೋಟೋದಲ್ಲಿ ನೀರು ಹೇಗೂ ಕಾಣುವುದಿಲ್ಲ, ಲೋಟ ಸ್ವಲ್ಪ ಓರೆ ಹಿಡಿಯಿರಿ ಎಂದ. ಹಿಡಿದರು.

ಆ ಮೇಲಿನ ದಿನಗಳಲ್ಲಿ ಜಲದಾನವು ನಿಯಮ ಪ್ರಕಾರ ನಡೆಯಿತು. ನಾವು ಎಂಟಕ್ಕೆ ಹೋಗಿ ಮೇಜು ಹಾಕುತ್ತಿದ್ದೆವು. ಜನ ಬಂದು ಟೋಕನು ಪಡೆದು ನೆರಳಿನಲ್ಲಿ ಕುಳಿತು, ನಂಬ್ರ ಕೂಗಿದಾಗ ಎದ್ದು, ಟೋಕನು ಹಿಂದೆ ಕೊಟ್ಟು, ಬಾಯಾರಿಕೊಂಡೇ ಹೋಗುತ್ತಿದ್ದರು. ಮೊದಮೊದಲು ಬೈದರು. ಆಮೇಲೆ ಮೊಯ್ದೀನಬ್ಬನೇ, "ನೆರಳಾದ್ರೂ ಒಳ್ಳೇದುಂಟು," ಎಂದು ಒಪ್ಪಿಕೊಂಡ. ಹೊಸಬರು ಯಾರಾದರೂ ನುಗ್ಗಿ ಬಂದರೆ, "ಓಯ್, ಸಾಲು ಉಂಟು ಇಲ್ಲಿ," ಎಂದು ಗದರಿಸುವವನೂ ಅವನೇ.

ಒಪ್ಪದವಳು ದೇಯಿ ಒಬ್ಬಳೇ. ಮಣ್ಣು ಹೊರುವ ಹೆಂಗಸೊಬ್ಬಳು ಏರಿನ ನಡುವೆ ತಲೆ ತಿರುಗಿ ಕುಳಿತುಬಿಟ್ಟ ದಿನ ಅವಳು ಬರಿಗಾಲಲ್ಲಿ ಬ್ಯಾಂಕಿಗೇ ಬಂದಳು. ಟೋಕನು ಪಡೆದು ಕುಳಿತು, ನಂಬ್ರ ಬಂದಾಗ ಸೋಜರ ಮೇಜಿನ ಮುಂದೆ ನಿಂತಳು.

"ಪೊರ್ಬುಗಳೇ, ನಿಮ್ಮ ದಾನ ಸಾಕು. ಒಂದು ಬಳ್ಳಿ ಕೊಡಿ."

"ದಾನವಾಗಿ ಹಗ್ಗ ಕೊಡಲಿಕ್ಕೆ ಆಗುವುದಿಲ್ಲಮ್ಮಾ," ಎಂದರು ಸೋಜರು. ಅವರ ಕಣ್ಣಲ್ಲಿ ನಿಜವಾಗಿಯೂ ನೋವಿತ್ತು. "ಸಾಲವಾಗಿ ಬೇಕಾದರೆ ಕೊಡಬಹುದು. ನಾವು ಬ್ಯಾಂಕಿನವರಲ್ಲವಾ?"

"ಕೊಡಿ ಹಾಗಾದ್ರೆ."

"ಅಡವು ಏನು ಇಡ್ತಿ?"

"ನನ್ನ ಹತ್ತಿರ ಎಂತ ಉಂಟು? ಬಾವಿ ಉಂಟು."

ಹೀಗೆ ಬಾವಿಯ ಅಡವಿನ ಮೇಲೆ ದೇಯಿಗೆ ಹಗ್ಗದ ಸಾಲ ಮಂಜೂರಾಯಿತು. ಕೊಟ್ಟದ್ದು ಪ್ರಚಾರದ ಹಗ್ಗವನ್ನೇ. ಬಟ್ಟೆಗೆ ಬೇರೆ ಹೊಸ ಹಗ್ಗ ತರಿಸಿದೆವು. ಪಾತಾಳಗರುಡಿಯ ಕೊಕ್ಕೆ ಇಳಿಸಿ ಕೊಡಪಾನವನ್ನು ಮೇಲೆತ್ತಿದವನು ನಾನು. ಇದನ್ನು ಪತ್ರಿಕೆಯವರು ಬರೆಯದೇ ಹೋದದ್ದು ಅವರಿಗೆ ಕಲಿಸಿದ ಮೇಷ್ಟ್ರ ತಪ್ಪು. ಸಾಲ ತೀರಿಸಬೇಕಾದ್ದು ಹಗ್ಗದ ರೂಪದಲ್ಲಿ, ಕೊಟ್ಟಾಗ ಇದ್ದಷ್ಟೇ ಹೊಸದಾಗಿ. ಸೇದಿದ ಹಗ್ಗ ಹೊಸದಾಗಿ ಉಳಿಯುವುದಿಲ್ಲವಾದ್ದರಿಂದ, ಮುಂದಿನ ಸುಗ್ಗಿಗೆ ಬಾವಿ ಬ್ಯಾಂಕಿನದ್ದಾಯಿತು. ಕಟ್ಟೆಗೆ ಸುಣ್ಣ ಬಳಿದು ಬ್ಯಾಂಕಿನ ಹೆಸರು ಬರೆಸಿದೆವು. ಎದುರು ಸಾಲಿನ ಬ್ಯಾಂಕಿನವರು ಬಂದು ನೋಡಿ, ಬಾಯಿ ಒಣಗಿಸಿಕೊಂಡು ಹೋದರು.

ಈಗ ಅಲ್ಲಿ ಮೇಜಿನ ಮುಂದೆ ಕುಳಿತುಕೊಳ್ಳುವವನು ನಾನು, ಜಲದಾನಾಧಿಕಾರಿ. ದೇಯಿಗೆ ಬ್ಯಾಂಕು ಒಂದನೇ ನಂಬ್ರದ ಟೋಕನನ್ನು ಕಾಯಂ ಆಗಿ ಕೊಟ್ಟಿದೆ. ಇಂಥ ಮರ್ಯಾದೆ ಜೆಪ್ಪುವಿನಲ್ಲಿ ಬೇರೆ ಯಾರಿಗೂ ಇಲ್ಲ.

ಮೊನ್ನೆ ಮಧ್ಯಾಹ್ನ ಅವಳು ಟೋಕನು ತಂದು ಮೇಜಿನ ಮೇಲಿಟ್ಟಳು. ಅಂಗಳದಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ನಾನು ಎದ್ದು ನಿಂತು, "ಒಂದನೇ ನಂಬ್ರ!" ಎಂದು ಕೂಗಿದೆ.

"ಇಲ್ಲೇ ಇದ್ದೇನಲ್ಲ ಮಗಾ," ಎಂದು ಅವಳು ಹೋಗಿ ನೀರು ಸೇದಿದಳು. ಸೇದಿ ತಂದವಳು ನನ್ನ ಮುಖ ನೋಡಿ, ಸೆರಗಿನ ಗಂಟಿನಿಂದ ಬೆಲ್ಲದ ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಕುಡಿ. ಕೂಗಿ ಕೂಗಿ ಗಂಟಲು ಒಣಗಿದೆ ನಿಂದು."

ಕುಡಿದೆ. ಒಳ್ಳೆಯ ನೀರು. ಬ್ಯಾಂಕಿನ ನೀರೆಂದರೆ ಹಾಗೆಯೇ.

"ಈ ಬಳ್ಳಿಯೂ ಸವೀತಾ ಬಂತು, ಲೋಕಯ್ಯ," ಎಂದಳು ದೇಯಿ.

"ಹೆದರಬೇಡಿ, ದೇಯಿಯಕ್ಕ," ಎಂದು ನಾನು ಧೈರ್ಯ ಹೇಳಿದೆ. "ನಿಮ್ಮ ಹತ್ತಿರ ಇನ್ನೂ ಮನೆ ಉಂಟಲ್ಲ."

ಅವಳು ತಿರುಗಿ ಮನೆಯ ಕಡೆ ಒಮ್ಮೆ ನೋಡಿದಳು. "ಹೌದಲ್ಲ," ಎಂದಳು, ಸಮಾಧಾನದಿಂದ. "ಅದೊಂದು ಉಂಟು."