ಕೈ ಒರೆಸುವ ಅರಿವೆಯವರ ಸನ್ನಿಧಿಗೆ

ಅನಗವಾಡಿ
ನಾಗಚೌತಿಯ ಬೆಳಿಗ್ಗೆ

ಮಾನ್ಯರೇ,

ಬನಹಟ್ಟಿಯ ನಮ್ಮ ಮನೆಯಲ್ಲಿ ಗ್ಯಾಸ್ ಕಟ್ಟೆಯ ಪಕ್ಕದ ಮೊಳೆಯನ್ನೇ ಸಿಂಹಾಸನ ಮಾಡಿಕೊಂಡು, ಹಗಲಿರುಳೆನ್ನದೆ ಒದ್ದೆಯಾಗಿಯೇ ವಿರಾಜಮಾನರಾಗಿದ್ದ ತಮ್ಮ ಪಾದಗಳಿಗೆ, ಅಂದರೆ ತಮ್ಮ ಕೆಳಗಿನ ಅಂಚಿಗೆ, ಮೊನ್ನೆ ವೈಶಾಖದಲ್ಲಿ ಆ ಮನೆಗೆ ಸೊಸೆಯಾಗಿ ಬಂದ ಅಕ್ಷತಾ ಮಾಡುವ ಭಯಭಕ್ತಿಯ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ತಾವು ಕ್ಷೇಮವಾಗಿಯೇ ಇದ್ದೀರಿ, ಹಾಸಿಗೆ ಹಿಡಿದವರು ನಾವು.

ತಮ್ಮ ಹಿರಿಮೆ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ಭಾವಿಸಬಾರದು. ತಾವು ಹುಟ್ಟಿನಿಂದ ಅರಿವೆಯ ತುಂಡಲ್ಲ, ಸೀರೆಯ ಸೆರಗು. ಅದೂ ನಮ್ಮ ಮಾವ ಶಂಕರೆಪ್ಪನವರು ಮದುವೆಯಾದ ಹೊಸದರಲ್ಲಿ ಹಿರಿಯರ ಕಣ್ಣು ತಪ್ಪಿಸಿ, ಓಣಿಯ ಮಗ್ಗದಿಂದಲೇ ಕೊಂಡುತಂದು ನಮ್ಮ ಅತ್ತೆ ತಂಗೆವ್ವನವರ ಕೈಗಿಟ್ಟ ಸೀರೆಯ ಸೆರಗು. ಮಾವನವರು ಅಂಥ ತಪ್ಪನ್ನು ಆಮೇಲೆ ಇನ್ನೊಮ್ಮೆ ಮಾಡಲಿಲ್ಲವಂತೆ. ಸೀರೆ ಉಟ್ಟು ಉಟ್ಟು ಹರಿದು, ಒಡಲು ಹೊದೆಯುವ ಕೌದಿಗೆ ಸೇರಿ, ಸೆರಗು ಮಾತ್ರ ಅಡುಗೆಮನೆಗೆ ನೇಮಕವಾಯಿತು. ಹೀಗಾಗಿ ಸೇವಾ ಹಿರಿತನದಲ್ಲಿ ತಾವು ನನಗಿಂತ ಮಾತ್ರವಲ್ಲ, ನನ್ನ ಗಂಡ ಸಿದ್ದಾರೂಢರಿಗಿಂತಲೂ ಮೇಲಿನವರೆಂಬುದನ್ನು ನಾನು ಮೊದಲ ದಿನವೇ ಒಪ್ಪಿಕೊಂಡಿದ್ದೇನೆ.

ಇನ್ನು ತಮ್ಮ ಕಾರ್ಯವ್ಯಾಪ್ತಿ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಒಬ್ಬ ಅಧಿಕಾರಿಗೆ ಪಕ್ಕದ ತಾಲೂಕಿನ ಹೆಚ್ಚುವರಿ ಪ್ರಭಾರ ಕೊಟ್ಟರೆ ಅವರು ಎರಡೂ ಕಡೆ ಸಿಗುವುದಿಲ್ಲ. ತಾವಾದರೋ ತೊಳೆದ ತಾಟು ಒರೆಸುವ ಖಾತೆ, ಬಿಸಿ ಬೋಗುಣಿ ಇಳಿಸುವ ಖಾತೆ, ಉಕ್ಕಿದ ಹಾಲು ಬಳಿಯುವ ಖಾತೆ, ನೊಣ ಹೊಡೆಯುವ ಖಾತೆ, ಯಾರ ಮೂಗು ಸೋರಿದರೂ ಆ ಖಾತೆ, ಇವೆಲ್ಲವನ್ನೂ ಒಂದೇ ಮೈಯಲ್ಲಿ ನಿಭಾಯಿಸಿ, ಸಂಜೆಗೆ ರೊಟ್ಟಿ ಬುಟ್ಟಿಯ ಮೇಲೆ ಹೊದಿಕೆಯಾಗಿ ಮಲಗಿ ವಿಶ್ರಾಂತಿ ಪಡೆಯುತ್ತಿದ್ದಿರಿ. ಊರಿಗೊಬ್ಬಳೇ ಪದ್ಮಾವತಿ ಎನ್ನುತ್ತಾರಲ್ಲ, ಅಡುಗೆಮನೆಗೆ ತಾವು ಹಾಗೆ.

ನನ್ನ ಅಹವಾಲು ಇಷ್ಟೇ. ಮದುವೆಯಾದ ಮೇಲೆ ಇದು ನನ್ನ ಮೊದಲ ಪಂಚಮಿ. ಮೊದಲ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಬೇಕು, ಅಣ್ಣ ಕರೆಯಲು ಬರಬೇಕು, ಮರಕ್ಕೆ ಜೋಕಾಲಿ ಕಟ್ಟಬೇಕು. ನಮ್ಮ ಹಳೆಯ ಮನೆ, ಅದರ ಮುಂದಿನ ಹುಣಸೆಮರ ಸಮೇತ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಅಪ್ಪ ಪರಿಹಾರದ ಹೊಸ ಪ್ಲಾಟಿನಲ್ಲಿ ಒಂದು ಬೇವಿನ ಸಸಿ ನೆಟ್ಟಿದ್ದರು. ಆಮೇಲಿನ ಪಂಚಮಿಗಳೆಲ್ಲ ಜೋಕಾಲಿ ಇಲ್ಲದೆಯೇ ಕಳೆದವು. ಆ ಬೇವಿನ ಟೊಂಗೆ ಈ ವರ್ಷ ಆಳಿನ ಭಾರ ತಡೆಯುತ್ತದೆಂದು ಅಣ್ಣ ಚನಮಲ್ಲಪ್ಪ ತಾನೇ ಜೋತುಬಿದ್ದು ನೋಡಿ ಫೋನ್ ಮಾಡಿದ್ದ. ಅಂದಿನಿಂದ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಇಂಥ ಸಮಯದಲ್ಲಿ ನಮ್ಮ ಮನೆಯ ಅಳಿಯ, ನನ್ನ ನಾದಿನಿ ಮಾದೇವಿಯವರ ಗಂಡ, ಮುಧೋಳದ ನೀಲಕಂಠ ಅವರು ಹೆಂಡತಿಯೊಡನೆ ರಾಮೇಶ್ವರ, ಕನ್ಯಾಕುಮಾರಿ ಎಂದು ಟೂರ್ ಬಸ್ಸಿನಲ್ಲಿ ದೇಶ ಸುತ್ತಿ, ಕಂಡಲ್ಲಿ ತಿಂದು, ಸಿಕ್ಕಲ್ಲಿ ಕುಡಿದು, ಹಬ್ಬ ಮುಗಿಸಿಕೊಂಡೇ ಹೋಗುವುದೆಂದು ನೆಟ್ಟಗೆ ಬನಹಟ್ಟಿಗೇ ಬಂದಿಳಿದರು. ಇಳಿದವರು ಚೀಲವನ್ನೂ ಕೆಳಗಿಡದೆ ಹಿತ್ತಲಿಗೆ ನಡೆದರು. ತಿರುಗಿ ಬಂದು, "ಏನಿಲ್ಲರಿ ಅತ್ತಿ, ಹೊಟ್ಟಿ ಸ್ವಲ್ಪ ಗಡಬಡ ಐತ್ರಿ" ಎಂದು ಬಚ್ಚಲಲ್ಲಿ ಬೆರಳ ತುದಿಗೆ ನಾಲ್ಕು ಹನಿ ನೀರು ಸೋಕಿಸಿದರು. ಅಳಿಯ ಕೈ ತೊಳೆದಾಗ ಅತ್ತೆಯಾದವಳು ಅರಿವೆ ಹಿಡಿದು ನಿಲ್ಲುವುದು ನಮ್ಮ ಕಡೆಯ ಮರ್ಯಾದೆ. ಮನೆಯಲ್ಲಿ ಅತಿ ಮೆತ್ತಗಿನದು ಯಾವುದೋ ಅದನ್ನೇ ಕೊಡಬೇಕೆಂಬುದು ತಂಗೆವ್ವನವರ ಪ್ರೀತಿ. ಮೆತ್ತಗಿನವರು ತಾವು.

ಅಂದು ತಾವು ಅಳಿಯಂದಿರ ಕೈಯಿಂದ ಏನನ್ನು ಸ್ವೀಕರಿಸಿದಿರೋ ಅದರಲ್ಲಿ ಒಂದು ಕಣವನ್ನೂ ತಮಗಾಗಿ ಇಟ್ಟುಕೊಳ್ಳದೆ ಮನೆಮಂದಿಗೆಲ್ಲ ಸಮನಾಗಿ ಹಂಚಿದ ತಮ್ಮ ಔದಾರ್ಯವನ್ನು ನಾನು ಮೆಚ್ಚಲೇಬೇಕು. ಮೊದಲು ಮಾದೇವಿ, ಆಮೇಲೆ ನಮ್ಮ ಮನೆಯವರು, ಆಮೇಲೆ ಸ್ವತಃ ಅತ್ತೆಯವರು, ಕೊನೆಗೆ ಮರ್ಯಾದೆಯ ಕ್ರಮ ತಪ್ಪದಂತೆ ನಾನು. ಇದ್ದದ್ದು ಒಂದೇ ಸಂಡಾಸ. ಅದರ ಮುಂದೆ ತಂಬಿಗೆಗಳನ್ನು ಸಾಲಾಗಿ ಇಟ್ಟು ಪಾಳಿ ಹಚ್ಚಿದೆವು. ಅಳಿಯಂದಿರ ತಂಬಿಗೆ ಎಷ್ಟು ಹಿಂದಿದ್ದರೂ ಅತ್ತೆಯವರು ಅದನ್ನು ಎತ್ತಿ ಮುಂದಿಡುತ್ತಿದ್ದರು.

ಡಾಕ್ಟರರು ಬಂದು, ಪ್ರವಾಸದಲ್ಲಿ ಇಂಥದು ಆಗುತ್ತದೆ, ಇನ್ನು ಮುಂದಕ್ಕೆ ಹರಡದಂತೆ ನೋಡಿಕೊಳ್ಳಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ನೀರು ಕುದಿಸಿ ಕುಡಿಯಬೇಕು, ಬೇನೆ ಇದ್ದವರು ಅಡುಗೆ ಮುಟ್ಟಬಾರದು, ಸಾಬೂನು ಹಚ್ಚಿ ಕೈ ತೊಳೆಯಬೇಕು. ನಾವು ಒಂದನ್ನೂ ತಪ್ಪಿಸಲಿಲ್ಲ. ನೀರು ಕುದಿಸಿ, ಆರಿಸಿ, ಲೋಟವನ್ನು ತಮ್ಮಿಂದ ಒರೆಸಿ ಕುಡಿದೆವು. ಸಾಬೂನು ಹಚ್ಚಿ ಕೈ ತೊಳೆದು, ತೊಳೆದ ಕೈಯನ್ನು ತಮಗೆ ಒರೆಸಿದೆವು. ಡಾಕ್ಟರರು ಕೊಟ್ಟ ಉಪ್ಪು ಸಕ್ಕರೆಯ ಪುಡಿಯನ್ನು ಕಲಕಿದ ಚಮಚವೂ ತಮ್ಮ ಆಶೀರ್ವಾದ ಪಡೆದೇ ಬರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೂ ನಾವು ದನ ಹುಡುಕುತ್ತಿದ್ದೆವು.

ತಪ್ಪು ಯಾರದೆಂದು ವಿಚಾರಣೆಯಾದಾಗ ತಮ್ಮ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅಳಿಯನ ಹೆಸರಂತೂ ಬರುವಂತಿಲ್ಲ. ಪಕ್ಕದ ಮನೆಯ ಸುಂದರವ್ವ ಬಾಗಿಲಲ್ಲೇ ನಿಂತು, "ಹೊಸಾ ಸೊಸಿ ಕೈಗುಣ ಹೆಂಗೈತಿ ನೋಡ್ರಿ ತಂಗೆವ್ವ, ಮನಿಗೆ ಮನಿನ ಮಲಗೈತಿ" ಎಂದು ತೀರ್ಪು ಕೊಟ್ಟು ಹೋದಳು. ಅತ್ತೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಕೈಯನ್ನು ತಮಗೆ ಒರೆಸಿ, ನನ್ನ ಮುಖ ನೋಡದೆ ಹೇಳಿದರು: "ಮನಿ ಮಂದಿ ನೆಟ್ಟಗ ಆಗೂತನಕ ನಿನ್ನ ತವರಮನಿಗೆ ಹೆಂಗ ಕಳಸಲಿ?" ಆ ದಿನ ನನಗಾದ ಹೊಟ್ಟೆಯುರಿ ಬೇನೆಯದಲ್ಲ.

ಆಗ ನನ್ನ ಕಣ್ಣಿಗೆ ಬಿದ್ದವರು ಮಾವ ಶಂಕರೆಪ್ಪನವರು. ಮನೆಯೆಲ್ಲ ಗಂಜಿ ಕುಡಿಯುತ್ತಿದ್ದಾಗ ಅವರೊಬ್ಬರೇ ಒರೆಸದ ಹಸಿ ತಾಟು ಎಳೆದುಕೊಂಡು ಕುಳಿತು, ಓಣಿಯವರು ತಂದುಕೊಟ್ಟ ಐವರ ಪಾಲಿನ ರೊಟ್ಟಿ ಶೇಂಗಾ ಚಟ್ನಿ ಮುಗಿಸಿ, ತಾಟಿನಲ್ಲೇ ಕೈ ತೊಳೆದು, ಎಂದಿನಂತೆ ಉಟ್ಟ ಧೋತರಕ್ಕೇ ಒರೆಸಿಕೊಳ್ಳುತ್ತಿದ್ದರು. ಆ ಕೊಳಕು ಚಾಳಿಗಾಗಿ ಅತ್ತೆಯವರಿಂದ ಲಗ್ನವಾದಾಗಿನಿಂದ ಬೈಸಿಕೊಂಡವರು ಅವರು. ನಾನು ನೋಡುವುದನ್ನು ಕಂಡು, "ಇಷ್ಟ ವರ್ಷ ಬೈಸ್ಕೊಂಡ ಉಂಡೇನಿ, ಇವತ್ತರ ಸಮಾಧಾನಲೆ ಉಣ್ಣಾಕ ಬಿಡ್ರಿ" ಎಂದರು. ಮನೆಯಲ್ಲಿ ತಮ್ಮ ಸಹವಾಸ ಮಾಡದವರು ಅವರೊಬ್ಬರೇ ಎಂಬುದು ನನಗೆ ಆಗ ಹೊಳೆಯಿತು.

ಮಾನ್ಯರೇ, ತಮ್ಮನ್ನು ಕುದಿಸಲು ನಾನು ಮಾಡಿದ ಮೊದಲ ಯತ್ನವನ್ನು ಕ್ಷಮಿಸಬೇಕು. ನೀರಿಗೆ ಹಾಕುವಷ್ಟರಲ್ಲಿ ಅತ್ತೆಯವರು ಗೋಡೆ ಹಿಡಿದುಕೊಂಡೇ ಬಂದು, "ಅರಿವಿ ಕುದಿಸಿ ಅಳ್ಯಾಗ ಸಾರು ಮಾಡಾಕಿ ಏನ ನೀ? ಬಣ್ಣ ಹೋಗತೈತಿ, ತಗಿ ಮೊದಲ" ಎಂದು ತಮ್ಮನ್ನು ಕಾಪಾಡಿದರು. ತಮ್ಮಲ್ಲಿ ಇನ್ನೂ ಬಣ್ಣ ಉಳಿದಿದೆಯೆಂದು ನನಗೆ ತಿಳಿದದ್ದು ಅಂದೇ. ತಮ್ಮನ್ನು ಕೆಳಗಿಳಿಸುವುದು ಆಗದ ಮಾತಾದ್ದರಿಂದ ಮೇಲಕ್ಕೇರಿಸುವ ಉಪಾಯ ಮಾಡಿದೆ. ಬೇಡವಾದ ಅಧಿಕಾರಿಗೆ ಬಡ್ತಿ ಕೊಟ್ಟು ಕಳಿಸುವುದು ಎಲ್ಲ ಕಚೇರಿಗಳಲ್ಲೂ ಇದ್ದದ್ದೇ. "ಅತ್ತಿ, ಇದು ಮಾವಾರು ಪ್ರೀತಿಲೆ ತಂದ ಸೀರಿ ಸೆರಗಂತಲ್ಲರಿ. ಇದಕ್ಕ ನಾವೆಲ್ಲ ಕೈ ಮೂಗು ಒರಸೂದು ನನಗ ಛಲೋ ಕಾಣವಲ್ದರಿ" ಎಂದೆ.

ಅತ್ತೆಯವರು ತಮ್ಮ ಅಂಚನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ ತಮ್ಮನ್ನು ಮೊಳೆಯಿಂದ ಇಳಿಸಿ, ಮಡಿಕೆ ಮಾಡಿ, ಒದ್ದೆಯಾಗಿದ್ದಂತೆಯೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ನಾನು ಮಾವನವರ ಹಳೆಯ ಧೋತರವೊಂದನ್ನು ಹರಿದು ಕುದಿಸಿ, ಬಿಸಿಲಿಗೆ ಒಣಗಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟೆ. ತಾಟಿಗೆ ಬೇರೆ, ಕಟ್ಟೆಗೆ ಬೇರೆ, ಅಳಿಯಂದಿರಿಗೆ ಜರಿ ಅಂಚಿನದು. ಹೊಟ್ಟೆಗಳು ಒಂದೊಂದಾಗಿ ತಣ್ಣಗಾದವು, ಹಿತ್ತಲಿನ ತಂಬಿಗೆಗಳು ಒಳಗೆ ಬಂದವು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದೂ ಆಯಿತು. ಅಣ್ಣ ಬಂದ. ಅತ್ತೆಯವರು ಹೋಗು ಎಂದರು.

ಹೊರಡುವಾಗ ಅವರು ಟ್ರಂಕು ತೆರೆದರು. ತಮ್ಮನ್ನು ಹೊರತೆಗೆದು, ಹಾಸಿ, ತವರಿಗೆಂದು ಇಟ್ಟ ಉಂಡಿಗಳನ್ನೆಲ್ಲ ತಮ್ಮ ಮೇಲೆಯೇ ಸುರಿದು ಗಂಟು ಕಟ್ಟಿ ನನ್ನ ಕೈಗಿಟ್ಟರು. "ನನ್ನ ಸೀರಿಗೆ ಇಷ್ಟ ಬೆಲಿ ಕೊಟ್ಟಾಕಿ ಈ ಮನ್ಯಾಗ ನೀ ಒಬ್ಬಾಕಿ ನೋಡ. ಇನ್ನ ಇದು ನಿಂದ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು, ಸದ್ಯ ಉಟ್ಟ ಸೀರೆಯ ಸೆರಗಿನಿಂದ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ. ನಗಬೇಕೋ ಅಳಬೇಕೋ ತಿಳಿಯದೆ ಅವರ ಕಾಲಿಗೆ ಬಿದ್ದೆ, ನಿಜವಾಗಿಯೂ ಅಳು ಬಂತು.

ಈಗ ತಾವು ನನ್ನ ಸ್ವತ್ತು. ಇಲ್ಲಿಗೆ ಬಂದ ಕೂಡಲೇ ನನ್ನ ಅವ್ವ ಗಂಟು ಬಿಚ್ಚಿ, "ಎಷ್ಟ ಮೆತ್ತಗೈತಿ ಇದು" ಎಂದು ತಮ್ಮನ್ನು ಕೆನ್ನೆಗೆ ಒತ್ತಿಕೊಂಡು, ನೆಟ್ಟಗೆ ಅಡುಗೆಮನೆಯ ಮೊಳೆ ಹುಡುಕಿದಳು. ಆದ್ದರಿಂದ ಒಡತಿಯಾಗಿ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಯಾವುದಾದರೂ ಒಂದೇ ಖಾತೆಯನ್ನು ಇಟ್ಟುಕೊಂಡು ಉಳಿದವಕ್ಕೆ ರಾಜೀನಾಮೆ ಕೊಡಬೇಕು. ದಿನಕ್ಕೊಮ್ಮೆ ಒಣಗುವ ಅಭ್ಯಾಸ ಮಾಡಿಕೊಳ್ಳಬೇಕು. ಒರೆಸಲು ಬರುವ ಪ್ರತಿಯೊಂದು ಕೈಯೂ ಎಲ್ಲಿಂದ ಬಂತೆಂದು ವಿಚಾರಿಸಿ, ಸಂಶಯ ಬಂದರೆ, ಅಳಿಯನಿದ್ದರೂ ಸರಿ, ಒಮ್ಮೆ ಗಟ್ಟಿಯಾಗಿ ಕೆಮ್ಮಬೇಕು. ಸಾಧ್ಯವಾದರೆ ಮಾವನವರ ಧೋತರದ ಕೈಕೆಳಗೆ ಆರು ತಿಂಗಳು ತರಬೇತಿ ಪಡೆಯಬೇಕು.

ಇಷ್ಟಕ್ಕೂ ತಾವು ಒಪ್ಪುವವರಲ್ಲವೆಂದು ಬಲ್ಲೆ. ತಮ್ಮನ್ನು ಒಲೆಗೆ ಹಾಕಬೇಕೆಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ, ಅತ್ತೆಯವರ ಕಣ್ಣು ನೆನಪಾಗಿ ಮನಸ್ಸು ಬರಲಿಲ್ಲ. ಆದರೆ ಅಲ್ಲಿ ನಾನು ಸೊಸೆ, ಇಲ್ಲಿ ಮಗಳು. ಇಲ್ಲಿ ಅರಿವೆ ಕುದಿಸಿದರೆ ಸಾರು ಮಾಡುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಹಿತ್ತಲಲ್ಲಿ ಹಂಡೆಯ ನೀರು ಕುದಿ ಬಂದಿದೆ, ದಯಮಾಡಿಸಬೇಕು.

ತಮ್ಮಿಂದ ಮಲಗಿ, ತಮ್ಮನ್ನು ಹೊಗಳಿ, ತಮಗೇ ಒಡತಿಯಾದ,
ಸಾಬೂನಿನ ಮೇಲೆ ಇನ್ನೂ ಹೆಚ್ಚು ವಿಶ್ವಾಸವಿಟ್ಟಿರುವ
ತಮ್ಮ ವಿಶ್ವಾಸಿ,
ಅಕ್ಷತಾ

ತಾ.ಕ.: ಜಮಖಂಡಿ ದಾಟಿ ಬೀಳಗಿ ಬರುವಷ್ಟರಲ್ಲಿ ಅಣ್ಣ ಚನಮಲ್ಲಪ್ಪ ನನ್ನ ಕಣ್ಣು ತಪ್ಪಿಸಿ ತಮ್ಮ ಗಂಟಿನಿಂದ ಮೂರು ಉಂಡಿ ತಿಂದಿದ್ದನೆಂದು ಈಗ ತಿಳಿಯಿತು. ಮುಂಜಾನೆ ಜೋಕಾಲಿಗೆಂದು ಬೇವಿನ ಟೊಂಗೆಗೆ ಹಗ್ಗ ಬಿಗಿದವನು, ಹಲಗೆ ಹಾಕುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಓಡಿದ್ದಾನೆ, ಇನ್ನೂ ಬಂದಿಲ್ಲ. ಅವ್ವ ದಾರಿಯಲ್ಲಿ ತಿಂದ ಮಿರ್ಚಿ ಭಜಿಯನ್ನು ಬೈಯುತ್ತಿದ್ದಾಳೆ, ನಾನು ತಮ್ಮ ಹೆಸರು ಹೇಳಿಲ್ಲ. ಶ್ರಾವಣದ ಬಿಸಿಲು ಕಂಡಾಗ ಹಿಡಿದುಕೊಳ್ಳಬೇಕು. ಮನೆಯಲ್ಲಿರುವುದು ಅದೊಂದೇ ಹಗ್ಗ. ಆದ್ದರಿಂದ ಕುದಿಸಿ ಹಿಂಡಿದ ತಮ್ಮನ್ನು ಅದರ ಮೇಲೆಯೇ ಹರವಿದ್ದೇನೆ. ಗಾಳಿ ಚೆನ್ನಾಗಿದೆ, ಚೆನ್ನಾಗಿಯೇ ತೂಗುತ್ತಿದ್ದೀರಿ. ನಮ್ಮ ಬೇವಿನ ಮರದ ಮೊದಲ ಜೋಕಾಲಿಯೂ ಸೇವಾ ಹಿರಿತನದ ಪ್ರಕಾರ ತಮಗೇ ಸಂದಿತು. ಒಣಗಿದ ಕೂಡಲೇ ಇಳಿಯಬೇಕು, ನಾನು ಕೆಳಗೆ ಕಾಯುತ್ತ ನಿಂತಿದ್ದೇನೆ.