ಮೇಷ್ಟ್ರ ನಲವತ್ತನೇ ಗಂಟೆ

ಎಲ್ಲ ಪಜೀತಿಗೂ ಕಾರಣ ಒಂದು ಸಹಿ. ಸಮಾಜಕಾರ್ಯ ಕಲಿಸುವ ಮೇಷ್ಟ್ರು ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳನ್ನು ಬೀದಿಗೆ ಅಟ್ಟಿ, “ನಲವತ್ತು ಗಂಟೆ ಜನರ ನಡುವೆ ದುಡಿದು ಸಹಿ ತನ್ನಿ” ಎನ್ನುತ್ತಿದ್ದವರು. ತಾವು ಮಾತ್ರ ಫ್ಯಾನಿನ ಕೆಳಗಿಂದ ಕದಲಿದವರಲ್ಲ. ಈ ವರ್ಷ ಕಾಲೇಜು ಹೊಸ ನಿಯಮ ತಂದಿತು: ಕಲಿಸುವವರೂ ದುಡಿದು, ವಿದ್ಯಾರ್ಥಿಗಳದ್ದೇ ಕಾಗದಕ್ಕೆ ಸಹಿ ತರಬೇಕು. ಇವತ್ತು ಸಂಜೆ ಐದರೊಳಗೆ ಕಾಗದ ತಲುಪದಿದ್ದರೆ ಅವರು ಕೂತಿರುವ ವಿಭಾಗ ಮುಖ್ಯಸ್ಥರ ಕುರ್ಚಿ ಇನ್ನೊಬ್ಬರ ಪಾಲು.

ಸಹಿ ಹಾಕಬೇಕಾದವಳು ಬೀದಿ ಸಂಘದ ಅಧ್ಯಕ್ಷೆ, ಊರಿಗೆಲ್ಲ ಟೈಲರಕ್ಕ. ಮೂವತ್ತೊಂಬತ್ತು ಗಂಟೆ ಹೇಗೋ ಕಳೆದಿತ್ತು.

“ಕೊನೇ ಗಂಟೆ ಅಲ್ವಾ ಮೇಷ್ಟ್ರೇ? ಬೀದಿ ನಲ್ಲಿ ತೊಟ್ಟಿಕ್ತಿದೆ, ಸ್ವಲ್ಪ ನೋಡಿ,” ಎಂದಳು, ಹೊಲಿಗೆಯಿಂದ ತಲೆ ಎತ್ತದೆ.

“ಮೊದ್ಲು ಸಮುದಾಯದ ಅಗತ್ಯಗಳ ಸಮೀಕ್ಷೆ ಆಗ್ಬೇಕಮ್ಮ.”

“ಅಗತ್ಯ ಅಲ್ಲೇ ತೊಟ್ಟಿಕ್ತಿದೆಯಲ್ಲ. ಸ್ಪ್ಯಾನರ್ ತಗೊಳ್ಳಿ.”

ನಲ್ಲಿಯ ಹತ್ತಿರ ಕ್ಷೌರದಂಗಡಿಯವನು, ಇಸ್ತ್ರಿಯವನು, ಮೂಲೆಮನೆ ಅಜ್ಜಿ ಆಗಲೇ ಸೇರಿದ್ದರು. ಕೆಲಸಕ್ಕೆ ಒಬ್ಬರು, ಬುದ್ಧಿ ಹೇಳಲು ಮೂವರು.

“ಎಡಕ್ಕೆ ತಿರುಗ್ಸಿ,” ಎಂದ ಕ್ಷೌರದವನು.

“ಬಲಕ್ಕೆ,” ಎಂದ ಇಸ್ತ್ರಿಯವನು.

ಸಹಭಾಗಿತ್ವದ ಪಾಠ ಮಾಡಿ ಮಾಡಿ ಪಳಗಿದ ಮೇಷ್ಟ್ರು ಇಬ್ಬರ ಮಾತನ್ನೂ ನಡೆಸಿಕೊಟ್ಟರು. ನಲ್ಲಿಯ ತಲೆ ಕಳಚಿ ಕೈಗೇ ಬಂತು. ನೀರು ಮುಖಕ್ಕೆ ರಾಚಿತು.

“ಗೋಡೆ ಪಕ್ಕದ ವಾಲ್ವ್ ಮೊದ್ಲು ಮುಚ್ಬೇಕಿತ್ತಪ್ಪ,” ಎಂದಳು ಅಜ್ಜಿ ಸಾವಕಾಶವಾಗಿ.

“ಮುಂಚೇನೇ ಹೇಳ್ಬಾರ್ದಿತ್ತಾ ಅಜ್ಜಿ?”

“ನೀನೆಲ್ಲಿ ಕೇಳ್ದೆ?”

ಅಜ್ಜಿ ಹೇಳಿಕೊಟ್ಟಂತೆ ವಾಲ್ವ್ ಮುಚ್ಚಿ, ಹೊಸ ವಾಷರ್ ಕೂರಿಸಿ ನಲ್ಲಿ ಬಿಗಿದಾಗ ಒಂದು ಹನಿಯೂ ಬೀಳಲಿಲ್ಲ. ಅಜ್ಜಿ ಟವೆಲ್ ತಂದು ಅವರ ತಲೆ ಒರೆಸಿದಳು. ಟೈಲರಕ್ಕ ಯಾರದ್ದೋ ಒಣ ಪ್ಯಾಂಟು ಕೊಟ್ಟಳು. ಅದು ಮೊಣಕಾಲು ದಾಟಿ ಸ್ವಲ್ಪ ದೂರಕ್ಕೇ ನಿಂತುಬಿಟ್ಟಿತು. ಆದರೂ ಮೇಷ್ಟ್ರಿಗೆ ಖುಷಿಯೋ ಖುಷಿ. ಇಪ್ಪತ್ತು ವರ್ಷದಲ್ಲಿ ಅವರು ರಿಪೇರಿ ಮಾಡಿದ ಮೊದಲ ವಸ್ತು ಅದು.

ಗಂಟೆ ನಾಲ್ಕೂವರೆ. ಅಕ್ಕ ಕನ್ನಡಕ ಏರಿಸಿ ಕಾಗದ ಓದಿದಳು. “ಏಳನೇ ಪ್ರಶ್ನೆ. ಇವರು ಇನ್ನೂ ಕಲಿಯುವುದು ಬಾಕಿ ಇದೆಯೇ?”

“ಇದೆ,” ಎಂದರು ಮೂವರೂ ಒಟ್ಟಿಗೆ.

ಅಕ್ಕ ‘ಹೌದು’ ಎಂದು ಗುರುತು ಹಾಕಿ ಸಹಿ ಮಾಡಿಬಿಟ್ಟಳು.

“ಅಯ್ಯೋ, ಏನ್ ಮಾಡಿದ್ರಿ?” ಎಂದರು ಮೇಷ್ಟ್ರು.

“ಹೌದು ಅಂದ್ರೆ ಮೊದಲಿಂದ ನಲವತ್ತು ಗಂಟೆ ಅಂತ ಕೆಳಗಿದೆ. ಈಗಿನ್ನೂ ಕೈಗೆ ಬರ್ತಾ ಇದೀರಿ, ನಿಮ್ಮನ್ನ ಬಿಟ್ಕೊಡೋಕೆ ನಮ್ಗೆ ಮನಸ್ಸಿಲ್ಲ,” ಎಂದಳು ಅಕ್ಕ.

“ಯಾವ ಪುಣ್ಯಾತ್ಮ ಬರ್ದಿದ್ದೋ ಈ ಪ್ರಶ್ನೇನ, ತಣ್ಣಗಿರ್ಲಿ,” ಎಂದಳು ಅಜ್ಜಿ.

ಇಪ್ಪತ್ತು ವರ್ಷದ ಹಿಂದೆ ಫ್ಯಾನಿನ ಕೆಳಗೆ ಕೂತು ಅದನ್ನು ಬರೆದಿದ್ದ ಪುಣ್ಯಾತ್ಮ, ಕುರ್ಚಿ ಮರೆತು, ಗಿಡ್ಡ ಪ್ಯಾಂಟಿನಲ್ಲಿ ತಣ್ಣಗೆ ನಡುಗುತ್ತ, “ನಾಳೆ ಎಷ್ಟು ಗಂಟೆಗೆ ಬರ್ಲಿ ಅಕ್ಕ?” ಎಂದು ಕೇಳಿದರು.