ತೂಕ ಇಳಿಸುವ ಸೂಜಿಯ ಸಿಸ್ಟರು

ತೂಕ ಇಳಿಸುವ ಔಷಧಿಯ ವಿಭಾಗದಲ್ಲಿ ನಗು ಬಾರದ ದಿನ ಅಂತ ಒಂದಿದ್ದರೆ ಅದು ನನ್ನ ರಜೆಯ ದಿನ. ಕುಂದಾಪುರದ ಕಡೆಯಿಂದ ಬಂದು ಸೂರತ್, ಅಹಮದಾಬಾದ್, ವಡೋದರಾ ಮೂರೂ ಕಡೆ ದುಡಿದ ನರ್ಸ್ ನಾನು. ಔಷಧಿ ಬರೆಯುವುದು ಡಾಕ್ಟರಿಗೆ ಎರಡು ನಿಮಿಷದ ಕೆಲಸ. ಅದನ್ನು ಯಾವಾಗ, ಎಷ್ಟು, ಏನು ತಿಂದು, ಏನು ಬಿಟ್ಟು ತೆಗೆದುಕೊಳ್ಳಬೇಕೆಂದು ಜನರ ತಲೆಗೆ ತುಂಬುವವಳು ನಾನು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗಿದೆ, ಮುಚ್ಚಿಡುವುದಿಲ್ಲ.

ನಾಲ್ವರು ವಾರಗಿತ್ತಿಯರು

ಸೂರತ್ತಿನಲ್ಲಿ ಕೂಡುಕುಟುಂಬದ ಸೊಸೆಯೊಬ್ಬಳಿಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಪೆನ್ನು ಬರೆದುಕೊಟ್ಟಿದ್ದರು. ಒಂದು ಪೆನ್ನಿನಲ್ಲಿ ನಾಲ್ಕು ವಾರದ ಮದ್ದು. ಚುಚ್ಚುವುದನ್ನು ಕಲಿಯಲು ಬಂದವಳ ಹಿಂದೆ ಮೂವರು ವಾರಗಿತ್ತಿಯರೂ ಸಾಲಾಗಿ ನಿಂತಿದ್ದರು.

"ನಾಲ್ಕು ಡೋಸ್, ನಾಲ್ಕು ಜನ. ಒಂದೇ ಅಡುಗೆಮನೆ ಬೆನ್, ಒಬ್ಬಳೇ ತಗೊಂಡ್ರೆ ಚೆನ್ನಾಗಿರೋಲ್ಲ" ಎಂದಳು ಪೆನ್ನಿನ ಒಡತಿ. ಅಲ್ಲಿ ಸಿಸ್ಟರಿಗೆ ಬೆನ್ ಎನ್ನುತ್ತಾರೆ.

ಒಬ್ಬರ ಪೆನ್ನು ಇನ್ನೊಬ್ಬರಿಗೆ ತಾಗಬಾರದು, ಸೂಜಿ ಬದಲಿಸಿದರೂ ರೋಗ ದಾಟುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಮೂವರು ಒಪ್ಪಿದರು. ಕೊನೆಯವಳು ಮಾತ್ರ ಮುಖ ಸಣ್ಣದು ಮಾಡಿಕೊಂಡಳು. ಅವಳೋ ಕಡ್ಡಿಯಂತೆ ತೆಳ್ಳಗಿದ್ದಳು.

"ನಿಮಗೇಕಮ್ಮ ಇದು?" ಎಂದು ಕೇಳಿದೆ.

"ನನಗೆ ಬೇಡ ಬೆನ್. ಆದರೆ ನನ್ನ ಪಾಲು ಬಿಡೋದು ಹೇಗೆ?"

ಭಾನುವಾರದ ಫಾಫ್ಡಾ

ಇನ್ನೊಂದು ಕ್ಯಾಪ್ಸೂಲ್ ಇದೆ. ತಿಂದ ಜಿಡ್ಡನ್ನು ಮೈಗೆ ಹತ್ತಗೊಡದೆ ಹೊರಗೆ ಕಳಿಸುತ್ತದೆ. ಹೆಚ್ಚು ಜಿಡ್ಡು ತಿಂದರೆ ಅದು ಹೊರಡುವಾಗ ನಮ್ಮನ್ನು ಕೇಳುವುದಿಲ್ಲ. ಅಹಮದಾಬಾದಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಇದನ್ನು ಬಿಡಿಸಿ ಹೇಳಿದ್ದೆ. ಅವರು ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ. ಇನ್ನು ಭಯವಿಲ್ಲವೆಂದು ಭಾನುವಾರ ಬೆಳಿಗ್ಗೆ ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟಿನ ಫಾಫ್ಡಾ ಎರಡು ತಟ್ಟೆ ತಿಂದು, ಕ್ಯಾಪ್ಸೂಲ್ ನುಂಗಿದರು. ಸಂಜೆ ಬಿಳಿ ಪ್ಯಾಂಟ್ ತೊಟ್ಟು ವಸ್ತ್ರಾಪುರದ ಕೆರೆ ಸುತ್ತಲು ಹೋದರು.

ಮರುದಿನ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಔಷಧಿ ಭಾರಿ ಚೆನ್ನಾಗಿದೆ ಬೆನ್. ಆ ಕೆರೆಯ ಹತ್ತಿರ ನಾನು ಓಡಿದ್ದು ಇದೇ ಮೊದಲು."

ಧಣಿಗಳ ನಾಲಿಗೆ

ವಡೋದರಾದಲ್ಲಿ ಉಡುಪಿ ಕಡೆಯವರ ಹೋಟೆಲೊಂದಿದೆ. ಧಣಿಗಳ ಎರಡೂ ಮೊಣಕಾಲು ಸವೆದು, ತಮ್ಮದೇ ಹೋಟೆಲಿನ ಮೂರು ಮೆಟ್ಟಿಲಿಗೆ ಇಬ್ಬರು ಕೈ ಹಿಡಿಯಬೇಕಿತ್ತು. ತೂಕ ಇಳಿಯದೆ ಆಪರೇಷನ್ ಇಲ್ಲ ಎಂದರು ಮೂಳೆ ಡಾಕ್ಟರು. ಹಾಗಾಗಿ ನನ್ನ ಹತ್ತಿರ ಬಂದರು, ವಾರದ ಸೂಜಿ ಶುರುವಾಯಿತು.

ಒಂದು ಬೆಳಿಗ್ಗೆ ಹೋಟೆಲಿನ ಅಡುಗೆ ಭಟ್ಟರು ಟ್ರಂಕ್ ಹೊತ್ತು ಆಸ್ಪತ್ರೆಗೇ ಬಂದರು.

"ಸಿಸ್ಟರೇ, ಒಂದಾ ಆ ಸೂಜಿ, ಇಲ್ಲಾ ನಾನು. ಹದಿನೆಂಟು ವರ್ಷದಿಂದ ಅದೇ ಸಾಂಬಾರು. ಈಗ ಧಣಿಗಳು ದಿನಾ ಬೆಳಿಗ್ಗೆ ಬಾಯಿಗೆ ಇಟ್ಟ ಕೂಡಲೇ ಹಾಳಾಗಿದೆ ಅಂತಾರೆ. ಮೊನ್ನೆ ಒಂದು ಹಂಡೆ ಚೆಲ್ಲಿಸಿದ್ರು!"

ನನಗೆ ಎಲ್ಲ ಅರ್ಥವಾಯಿತು. ಬಾಗಿಲು ತೆರೆಯುವ ಮುಂಚೆ ಧಣಿಗಳೇ ರುಚಿ ನೋಡುವುದು ಆ ಹೋಟೆಲಿನ ಪದ್ಧತಿ. ಸೂಜಿಯಿಂದ ಹಸಿವು ಇಳಿಯುತ್ತದೆ, ಕೆಲವರಿಗೆ ಒಗ್ಗರಣೆಯ ವಾಸನೆಗೇ ವಾಕರಿಕೆ. ಭಟ್ಟರನ್ನು ಕರೆದುಕೊಂಡು ಹೋಟೆಲಿಗೆ ಹೋದೆ.

"ಮೊಣಕಾಲು ಹೋದ್ರೆ ಹೋಗ್ಲಿ ಸಿಸ್ಟರೇ, ಭಟ್ರು ಹೋದ್ರೆ ಹೋಟೆಲೇ ಮುಚ್ಚಬೇಕಾದೀತು. ಸೂಜಿ ಬೇಡ" ಎಂದರು ಧಣಿಗಳು.

"ಸೂಜಿ ಬಿಡಬೇಡಿ, ರುಚಿ ನೋಡೋದು ಬಿಡಿ. ಅಕ್ಕ ನೋಡ್ಲಿ" ಎಂದು ಪಕ್ಕದಲ್ಲಿದ್ದ ಅವರ ಹೆಂಡತಿಯನ್ನು ತೋರಿಸಿದೆ.

"ಅವಳಿಗೆ ಎಂತ ಗೊತ್ತುಂಟು?"

ಅಕ್ಕ ಒಲೆಯ ಹತ್ತಿರ ಹೋದರು. ಅಂಗೈಗೆ ಒಂದಿಷ್ಟು ಸಾಂಬಾರು ಹಾಕಿಸಿಕೊಂಡು ನೆಕ್ಕಿದರು. "ಹುಳಿ ಸಾಲದು. ಇವತ್ತಲ್ಲ, ಹದಿನೆಂಟು ವರ್ಷದಿಂದ."

ಭಟ್ಟರು ಸಿಟ್ಟಾಗುತ್ತಾರೆಂದುಕೊಂಡೆ. ಅವರು ಟ್ರಂಕ್ ಕೆಳಗಿಟ್ಟು ಕೈಮುಗಿದರು: "ನಾನೂ ಅದನ್ನೇ ಹೇಳ್ತಾ ಬಂದದ್ದಮ್ಮ, ಧಣಿಗಳು ಬಿಡ್ಲಿಲ್ಲ."

ಹುಳಿ ಬಿತ್ತು, ಗಿರಾಕಿಗಳು ಎರಡೆರಡು ಬಟ್ಟಲು ಕೇಳತೊಡಗಿದರು. ಇತ್ತ ಧಣಿಗಳ ತೂಕ ಇಳಿಯಿತು. ಈ ಮದ್ದು ತೆಗೆದುಕೊಂಡವರ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ ಎಂದು ಅರಿವಳಿಕೆಯ ಡಾಕ್ಟರಿಗೆ ಮುಂಚೆಯೇ ತಿಳಿಸಿ, ಅವರು ಹೇಳಿದಂತೆ ಎಲ್ಲ ನಡೆಸಿಕೊಟ್ಟೆ. ಎರಡೂ ಕಾಲಿನ ಆಪರೇಷನ್ ಸುಸೂತ್ರವಾಯಿತು.

ಧಣಿಗಳು ಮತ್ತೆ ಹೋಟೆಲಿಗೆ ಬರುವ ದಿನ ನನಗೂ ಕರೆಯಿತ್ತು. ಮೂರು ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ನನ್ನ ಕಣ್ಣು ತುಂಬಿತು. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ. ಅವರು ನೇರ ಅಡುಗೆಮನೆಗೆ ಹೋಗಿ, ಹಳೆಯ ಗತ್ತಿನಲ್ಲಿ ಅಂಗೈ ಚಾಚಿದರು.

ಭಟ್ಟರು ಸೌಟು ಎತ್ತಿದವರು ಹಾಗೇ ನಿಂತು ಅಕ್ಕನ ಕಡೆ ನೋಡಿದರು. "ಅಮ್ಮ, ಹಾಕ್ಲಾ?"

"ಅರ್ಧ ಚಮಚ ಹಾಕಿ" ಎಂದರು ಅಕ್ಕ. "ರುಚಿ ಹೇಗುಂಟು ಅಂತ ಮಾತ್ರ ಕೇಳ್ಬೇಡಿ."